ಕೂಸಿನ ಕತಿ ಕೂಸಿಗಿ ಗೊತ್ತಿರಬೇಕಲ್ರಿ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮದು ಕಲಬುರಗಿ, ಮನಿಯವರು ಕಿರಾಣಿ ಅಂಗಡಿ ಇಟ್ಟಾರ, ನಮಗ ಮಕ್ಕಳಿಲ್ಲ. ಎರಡು ವರ್ಷದ ಹಿಂದ ಪೋಷಕತ್ವ ಯೋಜನಾದಾಗ (ಫಾಸ್ಟರ್ ಕೇರ್, ದತ್ತು ಅಲ್ಲ, ಸಾಕೋದಷ್ಟೇ) ಬಾಲಮಂದಿರದಿಂದ ಒಂದು ಹುಡುಗೀನ ಕರ್ಕೊಂಡು ಬಂದೀವಿ, ಈಗ ಅಕಿಗಿ ಒಂಬತ್ತು ವರ್ಷ. ದತ್ತು ತಗೋತೀವಂತ ಹೇಳೀವಿ. ಅವಾಗಿಂದ ಮಕ್ಕಳ ರಕ್ಷಣಾ ಘಟಕದ ಸೋಷಿಯಲ್ ವರ್ಕರ್ ಮೇಡಂ ಮ್ಯಾಲಿಂದ ಮ್ಯಾಲ ಬಂದು, ನಮ್ಮನ್ನ ಹೊರಗ ಕೂಡ್ಸಿ ಹುಡುಗಿ ಜೋಡಿ ಒಬ್ಬರೇ ಮಾತಾಡ್ತಾರ. ಒಂದು ನೂರು ಪೇಜಿನ ನೋಟ್‌ಬುಕ್ಕಿನಾಗ ಅಕಿ ಹೆತ್ತವ್ವನ ಬಗ್ಗೆನೂ ಬರಸ್ಯಾರ. ಅವರು ಹೋದ ರಾತ್ರಿ ಹುಡುಗಿ ರೊಟ್ಟಿ ಮುಟ್ಟಂಗಿಲ್ಲ, ಎರಡು ಸಲ ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡಾಳ. ಮರ್ತಿದ್ದನ್ನ ಯಾಕ ಕೆದಕಬೇಕು? ಬ್ಯಾಡ ಅಂದ್ರ ದತ್ತು ನಿಂತು ಹೋಗ್ತದೇನ್ರಿ?
– ಹೆಸರು ಬ್ಯಾಡ, ಕಲಬುರಗಿ

ಉತ್ತರ: ತಂಗಿ, ಅಕಿ ಮರ್ತಾಳ ಅಂತ ನಿಮಗ ಯಾರು ಹೇಳಿದ್ರು? ಏಳು ವರ್ಷದಾಕಿ ಇದ್ದಾಗ ನಿಮ್ಮನಿಗಿ ಬಂದಾಳ, ಆ ವಯಸ್ಸಿನ ಕೂಸಿಗಿ ಅವ್ವನ ಸೀರಿ ಬಣ್ಣ, ಮನಿ ಮುಂದಿನ ಬೇವಿನ ಗಿಡ, ಯಾರು ಬೈದ್ರು ಯಾರು ಬಡದ್ರು ಎಲ್ಲಾ ನೆನಪಿರ್ತದ. ನಿಮ್ಮ ಮುಂದ ಅಂದ್ರ ನೀವು ಬ್ಯಾಸರ ಮಾಡ್ಕೋತೀರಿ, ವಾಪಸ್ ಕಳಿಸ್ತೀರಿ ಅನ್ನೋ ಅಂಜಿಕಿಗಿ ಸುಮ್ಮನ ಇರ್ತಾಳ ಅಷ್ಟೇ. ಅದಕ್ಕೇ ಆ ಮೇಡಂ ನಿಮ್ಮನ್ನ ಹೊರಗ ಕೂಡಸ್ತಾರ, ನಿಮ್ಮ ಮ್ಯಾಲ ಡೌಟ್ ಇದ್ದು ಅಲ್ಲ.

ನಾನೂ ಬಾಳ ವರ್ಷ ಇದೇ ಕೆಲಸ ಮಾಡಿದಾಕಿ. ಮೊದಮೊದಲು ಫೈಲ್ ನೋಡ್ತಿದ್ದೆ, ಕೂಸಿನ ಮಾರಿ ನೋಡ್ತಿದ್ದಿಲ್ಲ, ಖರೇ ಹೇಳ್ತೀನಿ. ಎಂಟು ವರ್ಷದ ಒಬ್ಬ ಹುಡುಗನ್ನ ಸಾಕಿದ ಮನಿಯಿಂದ ದತ್ತು ತಗೊಳ್ಳೋರ ಮನಿಗಿ ಒಂದೇ ದಿನದಾಗ ಮುಟ್ಟಿಸಿ ಬಂದ್ವಿ, ಅಂವನ ಬಟ್ಟಿ ಒಂದು ಪ್ಲಾಸ್ಟಿಕ್ ಚೀಲದಾಗ, ಜೀಪಿನಾಗ ಹಾಡ್ಕೋತ ಬಂದ, ನಾವು ಖುಷಿ ಆಗ್ಯಾನ ಅಂದ್ಕೊಂಡ್ವಿ. ಮೂರು ವಾರ ಬಿಟ್ಟು ಹೋದ್ರ ಆ ಚೀಲ ಇನ್ನೂ ಬಾಗಲ ಹಿಂದಿನ ಮೊಳಿಗಿ ತೂಗಾಡ್ಲಕತ್ತದ, ಬಟ್ಟಿ ಕಪಾಟಿನಾಗ ಇಡಗೊಡವಲ್ಲನಂತ. ನನ್ನ ನೋಡಿ ಚೀಲ ಇಳಿಸ್ಕೊಂಡು ಬಂದು, ಈಗ ಎಲ್ಲಿಗಿ ಹೋಗೋದ್ರಿ ಟೀಚರ್ ಅಂದ.

ಆ ನೋಟ್‌ಬುಕ್ ಯಾಕಂತ ಈಗ ತಿಳೀತಿರಬೇಕು. ಹೆತ್ತಾಕಿ ಯಾರು, ಯಾಕ ಸಾಕ್ಲಿಕ್ಕಾಗಲಿಲ್ಲ, ನಡುವ ಯಾರ್ಯಾರು ಉಣಿಸಿದ್ರು, ಎಲ್ಲಾ ಸಾಲಾಗಿ ಕೂಸಿನ ಮಾತಿನಾಗೇ ಬರಸ್ತಾರ, ಚಿತ್ರ ತೆಗಸ್ತಾರ. ನಿಮ್ಮವ್ವ ಕೆಟ್ಟಾಕಿ ಅನ್ನಂಗಿಲ್ಲ, ದೇವರ ಹಂತ್ಯಾಕ ಹೋಗ್ಯಾಳ ಅಂತ ಸುಳ್ಳೂ ಹೇಳಂಗಿಲ್ಲ. ಇಲ್ಲಾಂದ್ರ ನಾನೇ ಏನೋ ತಪ್ಪು ಮಾಡೀನಿ ಅದಕ್ಕ ಬಿಟ್ಟು ಹೋದ್ಲು ಅಂತ ಮಕ್ಕಳು ತಾವೇ ಒಂದು ಕತಿ ಕಟ್ಕೋತಾವ.

ನಿಮ್ಮಂಥ ಮನಿಯಾಗ ಇನ್ನೊಂದು ತೊಡಕದ. ಅದೇ ಮನಿ, ಅದೇ ತಾಟು, ಅದೇ ಹಾಸಿಗಿ, ಹಂಗಾದ್ರ ದತ್ತು ಆದ್ರ ಬದಲಾಗೋದೇನು? ಪೋಷಕತ್ವ ಅಂದ್ರ ಮಕ್ಕಳ ಕಲ್ಯಾಣ ಸಮಿತಿ (ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡೋ ಜಿಲ್ಲಾ ಸಮಿತಿ) ಹೇಳಿದಷ್ಟು ದಿನ ಸಾಕೋದು, ಅದಕ್ಕ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನಾದಾಗ ತಿಂಗಳಿಗಿ 4000 ರೂಪಾಯಿ ಅದ. ದತ್ತು ಆದ್ಮ್ಯಾಲ ಆ ರೊಕ್ಕ ಇಲ್ಲ, ವಾಪಸ್ ಅನ್ನೋ ಮಾತೂ ಇಲ್ಲ, ಹೊಟ್ಟ್ಯಾಗ ಹುಟ್ಟಿದ ಮಗಳಿಗಿರೋ ಹಕ್ಕೆಲ್ಲಾ ಅಕಿಗಿ. ಇದನ್ನ ಒಂಬತ್ತು ವರ್ಷದಾಕಿಗಿ ತಿಳಿಯೋಹಂಗ ಹೇಳೋದು ಆ ಮೇಡಂ ಕೆಲಸನೇ, ಮತ್ತ ಒಂದೇ ಭೇಟಿದಾಗ ಆಗೋದಲ್ಲ.

ಕಾಯ್ದೆ ಸ್ವಲ್ಪ ಕೇಳ್ರಿ. 2016ರ ಪೋಷಕತ್ವ ಮಾರ್ಗಸೂಚಿ ಪ್ರಕಾರ ಸಾಕಿದವರು ದತ್ತು ಕೇಳಬೇಕಂದ್ರ ಐದು ವರ್ಷ ಕಾಯಬೇಕಿತ್ತು, 2024ರಾಗ ಅದು ಎರಡು ವರ್ಷಕ್ಕ ಇಳಿದದ. ಆದ್ರ ಕೂಸು ದತ್ತಿಗಿ ಮುಕ್ತ, ಅಂದ್ರ ದತ್ತು ಕೊಡ್ಲಿಕ್ಕ ಕಾಯ್ದೆದಾಗ ಅಡ್ಡಿ ಇಲ್ಲ, ಅಂತ ಸಮಿತಿ ಬರೆದು ಕೊಡಬೇಕು. ಆರ್ಡರ್ ಈಗ ಕೋರ್ಟಿಂದಲ್ಲ, 2022ರ ಸೆಪ್ಟೆಂಬರ್‌ನಿಂದ ಡಿಸಿ ಸಾಹೇಬ್ರೇ ಮಾಡ್ತಾರ. ಐದು ವರ್ಷ ದಾಟಿದ ಕೂಸಿಂದು ಒಪ್ಪಿಗಿನೂ ಬೇಕು. ನಿಮ್ಮ ಮಾರಿ ನೋಡ್ಕೋತ ಹ್ಞೂಂ ಅಂದ್ರ ಅದು ಒಪ್ಪಿಗಿ ಏನ್ರಿ?

ಬ್ಯಾಡ ಅನ್ನಬ್ಯಾಡ್ರಿ, ನಿಧಾನ ಅನ್ರಿ. ರಾತ್ರಿ ಹಿಂಗ ಆಗ್ತದ ಅಂತ ಮೇಡಂಗ ಫೋನ್ ಮಾಡಿ ಹೇಳ್ರಿ, ಅವರಿಗಿ ಅದು ಬೇಕಾದ ಸುದ್ದಿನೇ. ಸಾಲಿ ಇರೋ ದಿನ ಸಂಜಿಮುಂದ ಬ್ಯಾಡ, ಆಯ್ತಾರ ಮುಂಜಾನಿ ಬರ್ರಿ ಅನ್ರಿ, ಹುಡುಗಿಗಿ ಹಿಂದಿನ ದಿನನೇ ಹೇಳಿಡ್ರಿ. ಹಾಸಿಗಿ ಕೆಳಗ ಒಂದು ಪ್ಲಾಸ್ಟಿಕ್ ಹಾಸಿ ಸುಮ್ಮನ ಬದಲಿ ಮಾಡ್ರಿ, ಮಂದಿ ಮುಂದ ಆ ಮಾತು ತೆಗೀಬ್ಯಾಡ್ರಿ. ತಿಂಗಳಾದ್ರೂ ನಿಲ್ಲಲಿಲ್ಲಾಂದ್ರ ಡಾಕ್ಟರಿಗಿ ತೋರಿಸ್ರಿ. ಅಕಿ ತಾನಾಗೇ ನೋಟ್‌ಬುಕ್ ತಂದು ತೋರಿಸಿದ್ರ ನೋಡ್ರಿ, ಇಲ್ಲಾಂದ್ರ ತೆಗೀಬ್ಯಾಡ್ರಿ. ಅವ್ವನ ನೆನಪು ತೆಗೆದ್ರ, ಆಕಿ ಹ್ಯಾಂಗಿದ್ಲು ಅಂತ ಕೇಳ್ರಿ. ಹೊಟ್ಟಿಕಿಚ್ಚು ಆಗ್ತದ, ಗೊತ್ತದ ನನಗ, ಆದ್ರೂ ಕೇಳ್ರಿ.

ಎಲ್ಲಾ ಸೋಷಿಯಲ್ ವರ್ಕರ್‌ಗೋಳೂ ಹಿಂಗಿರಲ್ಲ ಮತ್ತ. ಫೋಟೋ ಹೊಡದು, ಸಹಿ ಮಾಡಿಸ್ಕೊಂಡು, ಚಾ ಕುಡದು ಹೋಗೋರೂ ಅದಾರ, ಒಬ್ಬೊಬ್ಬರ ತಲಿಮ್ಯಾಲ ಅಷ್ಟು ಫೈಲ್ ಇರ್ತಾವ. ನಿಮಗ ನೋಟ್‌ಬುಕ್ ತರೋರು ಸಿಕ್ಕಾರ. ಅವರಿಗಿ ಬದಲಿ ಆದ್ರ ಹೊಸಬರನ್ನ ತಾವೇ ಕರ್ಕೊಂಡು ಬಂದು ಹುಡುಗಿಗಿ ಭೇಟಿ ಮಾಡಿಸಿ ಹೋಗ್ರಿ ಅಂತ ಈಗೇ ಕೇಳಿಟ್ಕೋರಿ, ಯಾಕಂದ್ರ ದತ್ತು ಆದ್ಮ್ಯಾಲನೂ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ನಿಮ್ಮನಿಗಿ ಬಂದು ನೋಡೋದದ.

ಪ್ರಶ್ನೆ: ನಮಗ ಆರು ವರ್ಷದ ಹುಡುಗ ದತ್ತು ಬರೋನಿದ್ದಾನ. ಸ್ವಾಮಿಗೋಳು ಬ್ಯಾರೆ ಅಕ್ಷರ ಹೇಳ್ಯಾರ, ಬಂದ ದಿನನೇ ಹೆಸರು ಬದಲಿ ಮಾಡಬಹುದಾ?
– ಒಬ್ಬ ಓದುಗರು, ಯಾದಗಿರಿ

ಉತ್ತರ: ಆ ಕೂಸು ನಿಮ್ಮ ಮನಿಗಿ ತರೋದು ತನ್ನ ಹೆಸರೊಂದೇ ರೀ ಸರ, ಅದನ್ನೂ ಹೊಸ್ತಿಲದಾಗೇ ಇಳಿಸ್ತೀರೇನು? ಮೊದಲು ಅಂವನ್ನ ಕೇಳ್ರಿ, ಸೋಷಿಯಲ್ ವರ್ಕರ್ ಎದುರಿಗೇ ಕೇಳ್ರಿ. ಅಕ್ಷರ ಬೇಕೇ ಬೇಕಂದ್ರ ಕಾಗದದಾಗ ಹಿಂದ ಇನ್ನೊಂದು ಹೆಸರು ಸೇರಿಸ್ರಿ. ಊಟಕ್ಕ ಕರಿಯೋದು ಮಾತ್ರ ಅಂವ ತಂದ ಹೆಸರಿಲೇ ಕರೀರಿ.