ಕನ್ನಡಿಗೆ ಅಂಟಿಸಿದ್ದ ಐದು ಚೀಟಿಗಳು: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನನ್ನ ಬಳಿಗೆ ಬಂದಾಗ ಅವರಿಗೆ 47 ವರ್ಷ. 20 ವರ್ಷ ನಡೆಸಿದ್ದ ಮುದ್ರಣಾಲಯ ಒಂದು ರಾತ್ರಿ ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿಕೊಂಡು, ಬೆಳಗಾಗುವುದರೊಳಗೆ ಯಂತ್ರಗಳೂ ಕಾಗದದ ದಾಸ್ತಾನೂ ಸುಟ್ಟುಹೋಗಿದ್ದವು. ವಿಮೆಯ ಅವಧಿ ಅದಕ್ಕೆ ಐದು ವಾರ ಮೊದಲೇ ಮುಗಿದಿತ್ತು. ಪತ್ನಿ ಎರಡು ಸಲ ನೆನಪಿಸಿದ್ದರೂ, ಕೆಲಸದ ಒತ್ತಡದಲ್ಲಿ ಅವರು ನವೀಕರಣವನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ಘಟನೆ ನಡೆದು ಆರು ತಿಂಗಳಾದರೂ ಅವರು ಹಗಲಿನ ಹೆಚ್ಚಿನ ಹೊತ್ತನ್ನು ಹಾಸಿಗೆಯಲ್ಲೇ ಕಳೆಯುತ್ತಿದ್ದರು, ರಾತ್ರಿ ಮೂರರ ಹೊತ್ತಿಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ, ಹಳೆಯ ಗ್ರಾಹಕರ ಕರೆ ಬಂದರೆ ಫೋನ್ ಎತ್ತುತ್ತಿರಲಿಲ್ಲ.

ಖಿನ್ನತೆಯ ಲಕ್ಷಣಗಳನ್ನು ಅಳೆಯಲು ಬಳಸುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 27ಕ್ಕೆ 14 ಅಂಕ ಬಂದಿತ್ತು. ಅದು ಮಧ್ಯಮ ಪ್ರಮಾಣದ ಖಿನ್ನತೆಯನ್ನು ಸೂಚಿಸುತ್ತದೆ. ಬದುಕು ಬೇಡವೆನಿಸಿದ್ದುಂಟೇ ಎಂದು ನಾನು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕ ಕುಟುಂಬಗಳಲ್ಲಿದೆ. ಆ ಭಯಕ್ಕೆ ಆಧಾರವಿಲ್ಲ, ಕೇಳದೆ ಇರುವುದರಲ್ಲೇ ಅಪಾಯ ಹೆಚ್ಚು. ಅವರಿಗೆ ಅಂಥ ಉದ್ದೇಶವಿರಲಿಲ್ಲ. ಆದರೂ ಮನೋವೈದ್ಯರನ್ನು ಕಾಣಲು ಕಳುಹಿಸಿದೆ. ವೈದ್ಯರು ಸದ್ಯಕ್ಕೆ ಔಷಧಿ ಬೇಡವೆಂದೂ, ನಾಲ್ಕು ವಾರಗಳ ನಂತರ ಮತ್ತೆ ನೋಡೋಣವೆಂದೂ ತಿಳಿಸಿದರು.

ಮೊದಲ ಭೇಟಿಯಲ್ಲಿ ಅವರು ಹೇಳಿದ ಒಂದು ವಿಷಯ ಇಡೀ ಪ್ರಕರಣಕ್ಕೆ ದಾರಿ ತೋರಿತು. ಹಿತೈಷಿಯೊಬ್ಬರ ಮಾತಿನಂತೆ ಅವರು ಐದು ಚೀಟಿಗಳನ್ನು ಬರೆದು ಕನ್ನಡಿಗೆ ಅಂಟಿಸಿದ್ದರು. 'ನಾನು ಸೋಲುವವನಲ್ಲ', 'ನಾನು ಯಶಸ್ವಿ ವ್ಯಕ್ತಿ', 'ಆಗುವುದೆಲ್ಲ ಒಳ್ಳೆಯದಕ್ಕೆ' ಎಂಬಂಥ ವಾಕ್ಯಗಳನ್ನು ದಿನವೂ ಬೆಳಿಗ್ಗೆ ಗಟ್ಟಿಯಾಗಿ ಓದಬೇಕಿತ್ತು. "ಓದುತ್ತೇನೆ ಮೇಡಂ, ಆದರೆ ಓದಿ ಮುಗಿಸುವಷ್ಟರಲ್ಲಿ, ಸುಳ್ಳು ಹೇಳುತ್ತಿದ್ದೀಯಾ ಎಂದು ಕನ್ನಡಿಯಲ್ಲಿರುವವನೇ ಕೇಳಿದಂತಾಗುತ್ತದೆ. ಇಷ್ಟು ಚಿಕ್ಕ ಕೆಲಸವೂ ನನ್ನಿಂದ ಆಗುತ್ತಿಲ್ಲವಲ್ಲ" ಎಂದರು.

ಇದು ಅವರೊಬ್ಬರ ಅನುಭವವಲ್ಲ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳು ಭಾವನೆಯಿರುವವರು ತಮ್ಮನ್ನು ಹೊಗಳಿಕೊಳ್ಳುವ ವಾಕ್ಯವನ್ನು ಪುನರುಚ್ಚರಿಸಿದಾಗ, ಅದನ್ನು ಹೇಳಿಕೊಳ್ಳದವರಿಗಿಂತ ಹೆಚ್ಚು ಕುಗ್ಗಿದ್ದು ಕಂಡುಬಂದಿತ್ತು. ಮನಸ್ಸು ಒಪ್ಪದ ಮಾತನ್ನು ಅದರ ಮೇಲೆ ಹೇರಿದರೆ ಅದು ಕೂಡಲೇ ಎದುರು ಸಾಕ್ಷಿಗಳನ್ನು ತಂದು ಮುಂದಿಡುತ್ತದೆ. ಹೀಗೆಂದು ವಿವರಿಸಿದಾಗ ಅವರ ಭುಜಗಳು ಸಡಿಲವಾದದ್ದನ್ನು ನಾನು ಗಮನಿಸಿದೆ. ಆರು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ಅವರ ಸೋಲಿನ ಪಟ್ಟಿಯಿಂದ ಒಂದನ್ನು ಹೊಡೆದುಹಾಕಿದ್ದರು.

ಹಾಗಿದ್ದರೂ ಎರಡನೆಯ ಭೇಟಿಯಲ್ಲಿ ನಾನೇ ಎಡವಿದೆ. ಪ್ರತಿ ರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಲು ಹೇಳಿದೆ. ಅನೇಕರಿಗೆ ನೆರವಾಗುವ ಅಭ್ಯಾಸವೇ ಅದು, ಆದರೆ ಅವರು ಖಾಲಿ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದರು. ದಿನವಿಡೀ ಮಲಗಿರುವವರಿಗೆ ಬರೆಯಲು ದಿನದಲ್ಲಿ ಏನಾದರೂ ನಡೆದಿರಬೇಕಲ್ಲ! ಚೀಟಿಗಳು ಮಾಡಿದ ಗಾಯವನ್ನೇ ನನ್ನ ಅವಸರವೂ ಮಾಡಿತ್ತು. ತಪ್ಪು ನನ್ನದೆಂದು ಒಪ್ಪಿಕೊಂಡು ಆ ಅಭ್ಯಾಸವನ್ನು ಕೈಬಿಟ್ಟೆವು.

ಆಮೇಲೆ ಹಿಡಿದ ದಾರಿ ಬೇರೆ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಗಳನ್ನು ಸತತವಾಗಿ ಅನುಭವಿಸಿದ ಪ್ರಾಣಿ, ಮುಂದೆ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಸುಮ್ಮನೆ ಬಿದ್ದುಕೊಳ್ಳುವುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ತೋರಿಸಿ, ಅಸಹಾಯಕತೆಯೆಂಬುದು ಕಲಿತದ್ದು ಎಂದು ವಿವರಿಸಿದ್ದರು. ಅರ್ಧ ಶತಮಾನದ ಬಳಿಕ, 2016ರಲ್ಲಿ, ಮಿದುಳಿನ ಬಗ್ಗೆ ಅಷ್ಟರಲ್ಲಿ ತಿಳಿದುಬಂದದ್ದನ್ನೆಲ್ಲ ಮುಂದಿಟ್ಟುಕೊಂಡು, ತಮ್ಮ ವಿವರಣೆಯನ್ನು ಅವರೇ ತಿರುಗಿಸಿದರು: ದೀರ್ಘ ಕಷ್ಟದಲ್ಲಿ ಸುಮ್ಮನಾಗಿಬಿಡುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು 'ನನ್ನ ಕೈಯಲ್ಲಿ ಏನೋ ಇದೆ' ಎಂಬುದನ್ನು. ನನ್ನ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ತಿಳಿವಳಿಕೆ ನನಗೆ ಸಿಕ್ಕಿಲ್ಲ. ಎದ್ದೇಳಲು ಮನಸ್ಸು ಬರಲೆಂದು ಕಾಯುವ ವ್ಯಕ್ತಿ ಕಾಯುತ್ತಲೇ ಇರುತ್ತಾನೆ. ಮೊದಲು ಏನಾದರೂ ಒಂದನ್ನು ಮಾಡಿ, ಅದು ತನ್ನಿಂದಾಯಿತೆಂಬ ಸಾಕ್ಷಿಯನ್ನು ಮನಸ್ಸಿಗೆ ಒಪ್ಪಿಸಬೇಕು.

ಆದ್ದರಿಂದ ನಾನು ಕೊಟ್ಟ ಸಲಹೆಗಳು ಚಿಕ್ಕವಾಗಿದ್ದವು. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬಂದರೂ ಬೆಳಿಗ್ಗೆ ಒಂದೇ ಸಮಯಕ್ಕೆ ಏಳುವುದು, ಎಚ್ಚರವಾಗಿ ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಬೇರೆಡೆ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳುವುದು, ಹಗಲು ಮಲಗದಿರುವುದು. ಇವುಗಳ ಜೊತೆಗೆ ದಿನಕ್ಕೊಂದು ಕೆಲಸ. ಅದನ್ನು ಆರಿಸುವ ಹಕ್ಕು ಅವರದೇ. ಬಹಳ ಯೋಚಿಸಿ ಅವರು ಆರಿಸಿಕೊಂಡದ್ದು ಪರಿಚಿತ ಪ್ರಕಾಶಕರಿಂದ ನಾಲ್ಕು ಪುಟ ತರಿಸಿಕೊಂಡು ಪ್ರೂಫ್ ತಿದ್ದುವುದನ್ನು. ಆ ಕರೆ ಮಾಡಲು ಅವರಿಗೆ ಒಂಬತ್ತು ದಿನ ಹಿಡಿಯಿತು. ತಿದ್ದಿದ ಪುಟಗಳನ್ನು ನನಗೂ ತಂದು ತೋರಿಸಿದಾಗ, ಅಂಚಿನಲ್ಲಿ ಗುರುತು ಹಾಕಿದ್ದ 31 ತಪ್ಪುಗಳನ್ನು ಅವರೇ ಬೆರಳಿಟ್ಟು ಎಣಿಸಿದರು. ನಾನು ಹೊಗಳಲಿಲ್ಲ, ಹೊಗಳುವ ಅಗತ್ಯವೂ ಇರಲಿಲ್ಲ.

ಪಶ್ಚಾತ್ತಾಪದ ವಿಷಯವೇ ಎಲ್ಲಕ್ಕಿಂತ ಕಠಿಣವಾಗಿತ್ತು. ಸುತ್ತಲಿನವರೆಲ್ಲ 'ನಿನ್ನ ತಪ್ಪೇನೂ ಇಲ್ಲ' ಎಂದು ಸಮಾಧಾನ ಹೇಳಿದ್ದರು, ಅದನ್ನು ಅವರು ಒಂದು ಕ್ಷಣವೂ ನಂಬಿರಲಿಲ್ಲ. ನಾನು ಹಾಗೆ ಹೇಳಲಿಲ್ಲ. ವಿಮೆಯನ್ನು ನವೀಕರಿಸದಿದ್ದುದು ನಿಜವಾಗಿಯೂ ತಪ್ಪೇ ಎಂದು ಒಪ್ಪಿ, ಆ ತಪ್ಪಿನ ಗಾತ್ರವೆಷ್ಟೆಂದು ಒಂದು ಹಾಳೆಯಲ್ಲಿ ಬರೆಯಲು ಕೇಳಿದೆ. ಬೆಂಕಿ ಹಚ್ಚಿದ್ದು ಅವರಲ್ಲ. ವಿಮೆ ಇದ್ದಿದ್ದರೂ ಕಟ್ಟಡ ಸುಡುತ್ತಿತ್ತು. 20 ವರ್ಷಗಳಲ್ಲಿ 19 ಸಲ ಅವರು ಸಮಯಕ್ಕೆ ಸರಿಯಾಗಿ ಹಣ ಕಟ್ಟಿದ್ದರು. 'ನಾನೊಬ್ಬ ಬೇಜವಾಬ್ದಾರಿ ಮನುಷ್ಯ' ಎಂಬ ವಾಕ್ಯ ಮೂರು ಭೇಟಿಗಳ ನಂತರ, 'ಒಂದು ವರ್ಷ ಒಂದು ಮುಖ್ಯ ಕೆಲಸವನ್ನು ಮುಂದಕ್ಕೆ ಹಾಕಿದೆ, ಅದಕ್ಕೆ ದೊಡ್ಡ ಬೆಲೆ ತೆತ್ತೆ' ಎಂದಾಯಿತು. ಎರಡನೆಯ ವಾಕ್ಯದಲ್ಲೂ ನೋವಿದೆ, ಆದರೆ ಅದು ಹೊರಬಹುದಾದ ನೋವು.

ಐದನೆಯ ಭೇಟಿಯಲ್ಲಿ ಅವರು, "ಕೆಲವರು ಹುಟ್ಟಿನಿಂದಲೇ ಗಟ್ಟಿ ಇರುತ್ತಾರೆ, ನಾನು ಹಾಗಿಲ್ಲ ಅಲ್ಲವೇ ಮೇಡಂ?" ಎಂದು ಕೇಳಿದರು. ಅದಕ್ಕೆ ಹವಾಯಿಯ ಕವಾಯಿ ದ್ವೀಪದ ಅಧ್ಯಯನದ ಕುರಿತು ಹೇಳಿದೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದಾಗ, ತೀರ ಕಷ್ಟದ ಪರಿಸ್ಥಿತಿಯಲ್ಲಿ ಬೆಳೆದವರಲ್ಲೂ ಸುಮಾರು ಮೂರರಲ್ಲೊಂದು ಪಾಲು ಜನ ಸಮರ್ಥರಾಗಿ ಬೆಳೆದಿದ್ದರು. ಅವರಲ್ಲಿ ಕೆಲವರಿಗೆ ಸ್ವಭಾವದ ಅನುಕೂಲವಿತ್ತು, ನಿಜ. ಆದರೆ ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ನೆಚ್ಚಬಹುದಾದ ಹಿರಿಯರೊಬ್ಬರ ಆಸರೆ. ಹಾಗಾದರೆ ನಿಮ್ಮ ಮಾತನ್ನು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಪತ್ನಿಯ ಎದುರು ಬೆಂಕಿಯ ವಿಷಯವನ್ನೇ ಅವರು ಎತ್ತಿರಲಿಲ್ಲ. ಪತ್ನಿಯೂ ಅವರಿಗೆ ನೋವಾಗದಿರಲೆಂದು ಎತ್ತಿರಲಿಲ್ಲ. ಮುಂದಿನ ಭೇಟಿಗೆ ಇಬ್ಬರೂ ಬಂದರು. 'ನೀವು ಸುಮ್ಮನಿದ್ದದ್ದನ್ನು ನಾನು ಕೋಪವೆಂದುಕೊಂಡಿದ್ದೆ' ಎಂದು ಆಕೆ ಹೇಳಿದರು. ಆ ಒಂದು ಗಂಟೆ ನನ್ನ ಎಲ್ಲ ಸಲಹೆಗಳಿಗಿಂತ ಹೆಚ್ಚು ಕೆಲಸ ಮಾಡಿತೆಂದು ಈಗಲೂ ನಂಬಿದ್ದೇನೆ.

ಏಳನೆಯ ಭೇಟಿಯ ಮುನ್ನ ಸುಟ್ಟ ಜಾಗಕ್ಕೆ ಹೋಗಿ ಬಂದು ಅವರು ಮತ್ತೆ ಮೂರು ದಿನ ಹಾಸಿಗೆ ಹಿಡಿದರು. ಅದನ್ನು ಹಿನ್ನಡೆಯೆಂದು ಕರೆಯಲು ನಾನು ಒಪ್ಪಲಿಲ್ಲ, ಏಕೆಂದರೆ ನಾಲ್ಕನೆಯ ದಿನ ಅವರು ತಾವಾಗಿಯೇ ಎದ್ದಿದ್ದರು.

ಒಟ್ಟು ನಾಲ್ಕು ತಿಂಗಳಲ್ಲಿ ಹನ್ನೊಂದು ಭೇಟಿಗಳಾದವು. ಕೊನೆಯ ಸಲ ಪಿಎಚ್‌ಕ್ಯೂ-9 ಅಂಕ 7ಕ್ಕೆ ಇಳಿದಿತ್ತು. ಈಗ ಅವರು ಬೇರೊಂದು ಮುದ್ರಣಾಲಯದಲ್ಲಿ ಮೇಲ್ವಿಚಾರಕರಾಗಿದ್ದಾರೆ. ಸಾಲ ತೀರಿಲ್ಲ, ಸುಟ್ಟ ಕಾಗದದ ವಾಸನೆ ಬಂದರೆ ಎದೆ ಬಡಿತ ಇನ್ನೂ ಹೆಚ್ಚುತ್ತದೆ. ಮೂರು ತಿಂಗಳ ನಂತರ ಮತ್ತೆ ಭೇಟಿಯಾಗುವುದೆಂದು ನಿಶ್ಚಯಿಸಿದ್ದೇವೆ. ಅದಕ್ಕೆ ಮೊದಲೇ ಎರಡು ವಾರ ನಿದ್ದೆ ಕೆಟ್ಟರೆ, ಫೋನ್ ಎತ್ತುವುದು ನಿಂತರೆ, ಹಗಲು ಮಲಗುವುದು ಶುರುವಾದರೆ ಕೂಡಲೇ ಬರುವುದಾಗಿ ಅವರೇ ಒಂದು ಹಾಳೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಪತ್ನಿಗೆ ಕೊಟ್ಟಿದ್ದಾರೆ. ಕನ್ನಡಿಯ ಮೇಲೆ ಈಗ ಚೀಟಿಗಳಿಲ್ಲ.