ವಯಸ್ಸಾದ ಅಮ್ಮನಿಗೆ ಯಾವ ಬಟನ್ ಫೋನ್ ಕೊಡಿಸಬೇಕು?

ಅಮ್ಮನಿಗೆ ಎಪ್ಪತ್ತೆರಡು, ಸ್ಮಾರ್ಟ್‌ಫೋನ್ ಬೇಡ ಅಂತಾರೆ, ಯಾವ ಬಟನ್ ಫೋನ್ ಕೊಡಿಸಲಿ ಎಂದು ಕೇಳಿದ್ದೀರಿ.

ಮೊದಲು ಅವರ ಸಿಮ್ ಯಾವುದು ನೋಡಿ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ. ಹಾಗಾಗಿ 2ಜಿ ಸೆಟ್‌ಗೆ ಆ ಸಿಮ್ ಹಾಕಿದರೆ ಮಾತಾಡಲು ಆಗುವುದಿಲ್ಲ. ಡಬ್ಬದ ಮೇಲೆ 4ಜಿ ಅಂತ ಇರಲೇಬೇಕು.

ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ನಾನು ಸುಮ್ನೆ ಕಡಿಮೆ ಬೆಲೆಗೆ ಒಂದು ತಂದುಕೊಟ್ಟಿದ್ದೆ. ನಮ್ಮಮ್ಮನ ಹೆಬ್ಬೆರಳು ಒಂದೇ ಸಲಕ್ಕೆ 5, 8 ಎರಡನ್ನೂ ಒತ್ತುತ್ತಿತ್ತು! ಬಟನ್ ಉಬ್ಬಿರಬೇಕು, ನಡುವೆ ಜಾಗ ಇರಬೇಕು. 5ರ ಮೇಲಿನ ಚುಕ್ಕಿ ಬೆರಳಿಗೆ ಸಿಗುತ್ತದಾ ನೋಡಿ, ಕತ್ತಲಲ್ಲಿ ಅದೇ ಗುರುತು. ಕ್ಯಾಮೆರಾ ಹೇಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಚಾರ್ಜರ್ ಪಿನ್ ಟೈಪ್-ಸಿ ಆಗಿದ್ದರೆ ಒಳ್ಳೆಯದು, ಹೇಗೆ ಹಾಕಿದರೂ ಹೋಗುತ್ತದೆ. ಹಳೇ ಮೈಕ್ರೋ ಯುಎಸ್‌ಬಿ ಪಿನ್ ತಿರುಗಾ ಮುರುಗಾ ಚುಚ್ಚಿ ತೂತೇ ಹಾಳಾಗುವುದು ಜಾಸ್ತಿ.

ಮನೆಗೆ ತಂದ ದಿನವೇ ಸ್ಪೀಡ್ ಡಯಲ್ ಹಾಕಿಕೊಡಿ. 2 ಒತ್ತಿ ಹಿಡಿದರೆ ನೀವು, 3 ಹಿಡಿದರೆ ಪಕ್ಕದ ಮನೆಯವರು. ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ 112 ಒಂದೇ ನಂಬರ್, ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹಿಂದೆ ಅಂಟಿಸಿ.