ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರ ಸಿನಿಮಾಗಳನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

'ತಬರನ ಕಥೆ'ಯಿಂದ ಶುರು ಮಾಡಿ. ಮೊದಲ ಚಿತ್ರ 'ಘಟಶ್ರಾದ್ಧ'ದಿಂದಲೇ ಯಾಕಲ್ಲ ಅಂತ ಕೇಳಬಹುದು. ಅದು ದೊಡ್ಡ ಚಿತ್ರವೇ, ಆದರೆ ಹೊಸಬರಿಗೆ ತಬರ ಬೇಗ ಹತ್ತಿರವಾಗುತ್ತಾನೆ.

ಕಾಸರವಳ್ಳಿ ತೀರ್ಥಹಳ್ಳಿ ಕಡೆಯವರು. ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರ 'ಘಟಶ್ರಾದ್ಧ' ಅನಂತಮೂರ್ತಿಯವರ ಕಥೆ. ಗರ್ಭಿಣಿಯಾದ ವಿಧವೆಯೊಬ್ಬಳನ್ನು ಅಗ್ರಹಾರ ಹೊರಗೆ ಹಾಕುವುದನ್ನು ಒಬ್ಬ ಪುಟ್ಟ ಹುಡುಗನ ಕಣ್ಣಲ್ಲಿ ತೋರಿಸುತ್ತಾರೆ. ಅದಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಮುಂದೆ 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ' ಚಿತ್ರಗಳಿಗೂ ಬಂತು. ಒಬ್ಬರಿಗೇ ನಾಲ್ಕು ಅಂದ್ರೆ ಸುಮ್ನೆ ಮಾತಲ್ಲ.

ತೇಜಸ್ವಿಯವರ ಕಥೆಯ ತಬರ ಒಬ್ಬ ನಿವೃತ್ತ ನೌಕರ. ಪೆನ್ಷನ್‌ಗಾಗಿ ಕಚೇರಿ ಕಚೇರಿ ಅಲೆಯುತ್ತಾನೆ. ಹಣ ಕೈಸೇರುವ ಮೊದಲೇ ಕಾಯಿಲೆಯ ಹೆಂಡತಿ ತೀರಿಕೊಳ್ಳುತ್ತಾಳೆ. ಇಲ್ಲಿ ಒಬ್ಬ ಖಳನಾಯಕ ಅಂತ ಇಲ್ಲ. ಎಲ್ಲರೂ ನಿಯಮ ಹೇಳುತ್ತಾರೆ, ಕೆಲಸ ಮಾತ್ರ ಆಗಲ್ಲ. ನಮ್ಮಲ್ಲಿ ಯಾರಿಗೆ ಇದು ಗೊತ್ತಿಲ್ಲ, ಅಲ್ವಾ? ಚಾರುಹಾಸನ್ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಚಿತ್ರಗಳು ನಿಧಾನ ಅನ್ನೋ ದೂರು ಇದೆ. ನನಗೆ ಆ ನಿಧಾನವೇ ಇಷ್ಟ. ಕಾಯುವವನ ಕಷ್ಟ ಕಾದರೇನೇ ತಿಳಿಯುವುದು. ಆಮೇಲೆ ವೈದೇಹಿಯವರ ಕಥೆ ಆಧರಿಸಿದ 'ಗುಲಾಬಿ ಟಾಕೀಸ್' ನೋಡಿ, ಉಮಾಶ್ರೀ ಅವರ ಅಭಿನಯವನ್ನು ತಪ್ಪಿಸಿಕೊಳ್ಳಬೇಡಿ.